ಹೊಸ ಮಾಸ್ತರರಿಗೆ, ಹೊಸ ಅಕ್ಕೋರಿಗೆ

(ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳ ಪ್ರಾಥಮಿಕ ಶಾಲೆಗಳಿಗೆ ಹೊಸದಾಗಿ ನೇಮಕವಾದ ತರುಣ ಶಿಕ್ಷಕರನ್ನು ಕುರಿತು ಶಿರಸಿಯಲ್ಲಿ ಮಾಡಿದ ಭಾಷಣ. ಸಭೆಯಲ್ಲಿ ಗಿರಣಿ ಕೆಲಸಗಾರರೂ ಪೇಟೆಯ ಸಣ್ಣ ವ್ಯಾಪಾರಿಗಳೂ ಇದ್ದರು.)



ನಾನು ಮಾಸ್ತರಿಕೆ ಮಾಡಿದವನಲ್ಲ. ಪಾಠ ಹೇಗೆ ಹೇಳಬೇಕೆಂಬುದನ್ನು ಈ ತರುಣರು ತರಬೇತಿ ಕಾಲೇಜಿನಲ್ಲಿ ಕಲಿತು ಬಂದಿದ್ದಾರೆ. ಅದರಲ್ಲಿ ಬಾಯಿಹಾಕುವ ಅಧಿಕಾರ ನನಗಿಲ್ಲ. ಮಕ್ಕಳನ್ನು ಶಾಲೆಗೆ ಕಳಿಸುವವರ ಪರವಾಗಿ, ಅದಕ್ಕಿಂತ ಹೆಚ್ಚಾಗಿ ಕಳಿಸಲಾರದವರ ಪರವಾಗಿ ನಾಲ್ಕು ಮಾತು ಹೇಳಲು ನಿಂತಿದ್ದೇನೆ.

ತಮ್ಮಂದಿರಾ, ತಂಗಿಯಂದಿರಾ, ನಿಮ್ಮಲ್ಲಿ ಬಹಳ ಜನ ಬಯಲುಸೀಮೆಯವರು. ಅಲ್ಲಿ ಊರೆಂದರೆ ಗೋಡೆಗೆ ಗೋಡೆ ತಾಗಿದ ಮನೆಗಳು. ಶಾಲೆಯ ಗಂಟೆ ಬಾರಿಸಿದರೆ ಊರಿಗೆಲ್ಲ ಕೇಳುತ್ತದೆ. ಇಲ್ಲಿ ಹಾಗಲ್ಲ. ಒಂದೊಂದು ತೋಟದ ತಲೆಯಲ್ಲಿ ಒಂದೊಂದು ಮನೆ, ನಡುವೆ ಬೆಟ್ಟ, ಬೆಟ್ಟದ ನಡುವೆ ಹಳ್ಳ. ಕಡ್ಡಾಯ ಶಿಕ್ಷಣದ ಕಾಯದೆ 2009ರಲ್ಲಿ ಆಯಿತು, 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಕಿರಿಯ ಪ್ರಾಥಮಿಕ ಶಾಲೆ ಮಗುವಿಗೆ ಒಂದು ಕಿಲೋಮೀಟರಿನೊಳಗೆ ಸಿಕ್ಕಬೇಕೆಂಬುದು ಅದರ ನಿಯಮ. ಆದರೆ ಆ ಒಂದು ಕಿಲೋಮೀಟರು ನಕ್ಷೆಯ ಮೇಲಿನದು. ಜುಲೈ ತಿಂಗಳಲ್ಲಿ ಕಾಲುಸಂಕ ಕೊಚ್ಚಿಹೋದರೆ ಅದೇ ದಾರಿ ಸುತ್ತುಬಳಸಿ ಮೂರು ಕಿಲೋಮೀಟರಾಗುತ್ತದೆ, ಇಲ್ಲವೆ ದಾರಿಯೇ ಇಲ್ಲವಾಗುತ್ತದೆ.

ಆದುದರಿಂದ ನನ್ನ ಮೊದಲನೆಯ ಸಲಹೆ: ಶಾಲೆಗೆ ಹಾಜರಾದ ಮೊದಲ ತಿಂಗಳಲ್ಲಿ, ಮಳೆ ಜಡಿಯುವ ಮೊದಲೇ, ಪ್ರತಿಯೊಂದು ಮಗುವಿನ ದಾರಿಯನ್ನು ಒಮ್ಮೆ ನಡೆದು ನೋಡಿ. ಮೋಟಾರ್ ಸೈಕಲ್ಲಿನ ಮೇಲಲ್ಲ, ಕಾಲ್ನಡಿಗೆಯಲ್ಲಿ. ಯಾವ ಸಂಕದ ಅಡಿಕೆದಬ್ಬೆ ಕೊಳೆತಿದೆ, ಯಾವ ಹಳ್ಳ ಮಧ್ಯಾಹ್ನದ ಮಳೆಗೆ ಏರುತ್ತದೆ, ಯಾವ ಮನೆಯಲ್ಲಿ ಹಿರಿಯರು ಬೆಳಿಗ್ಗೆ ಏಳಕ್ಕೇ ಕೂಲಿಗೆ ಹೊರಡುತ್ತಾರೆ, ಇವು ಯಾವ ದಫ್ತರದಲ್ಲಿಯೂ ಬರೆದಿರುವದಿಲ್ಲ. ಇದಿಷ್ಟು ತಿಳಿದ ಮೇಲೆಯೇ ಹಾಜರಿ ಪುಸ್ತಕ ನಿಮಗೆ ಅರ್ಥವಾಗುವದು.

ಇಲ್ಲಿ ಕುಳಿತಿರುವ ಅಂಗಡಿಕಾರರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ದಿನವೂ ಬರುವ ಗಿರಾಕಿ ನಾಲ್ಕು ದಿನ ಬಾರದಿದ್ದರೆ ಅಂಗಡಿಕಾರ ಸುಮ್ಮನಿರುತ್ತಾನೆಯೇ? ಉದ್ರಿ ವಹಿ ತೆಗೆದು ನೋಡುತ್ತಾನೆ, ಬಂದವರನ್ನು ಕೇಳುತ್ತಾನೆ. ಮಾಸ್ತರನಾದವನು ಮಾತ್ರ ಕೆಂಪು ಮಸಿಯಲ್ಲಿ ಗೈರುಹಾಜರಿ ಎಂದು ಗುರುತು ಹಾಕಿ ಮುಂದಿನ ಹೆಸರಿಗೆ ಹೋಗುವದೇಕೆ? ಇಲ್ಲಿ ಹತ್ತು ಹದಿನೈದು ಮಕ್ಕಳಿರುವ ಶಾಲೆ ಅಪರೂಪವಲ್ಲ. ಅಂಥಲ್ಲಿ ಇಬ್ಬರು ಹುಡುಗರು ಬಿಟ್ಟುಹೋದರೆಂದರೆ ಶಾಲೆಗೇ ಆಪತ್ತು. ಮಕ್ಕಳ ಸಂಖ್ಯೆ ಕಡಮೆಯೆಂದು ಪಕ್ಕದ ಊರಿನ ಶಾಲೆಗೆ ಸೇರಿಸಿಬಿಡುವ ಮಾತು ಕೂಡಲೆ ಏಳುತ್ತದೆ.

ಆ ಗೈರುಹಾಜರಿಗಳಿಗೆ ಋತುಮಾನವಿದೆ. ಜುಲೈ ತಿಂಗಳದ್ದು ಹಳ್ಳದ ಗೈರುಹಾಜರಿ. ದೀಪಾವಳಿ ಕಳೆದ ಮೇಲಿನದು ಸುಲಿಗೆಯದು. ಕೊನೆಕೊಯ್ಲು ಸುರುವಾಯಿತೆಂದರೆ ರಾತ್ರಿ ಬಹಳ ಹೊತ್ತಿನವರೆಗೂ ಮೆಟ್ಟುಗತ್ತಿಯ ಮುಂದೆ ಅಡಿಕೆ ಸುಲಿಯುವ ತಾಯಿ, ಪಕ್ಕದಲ್ಲಿ ಕೂಸನ್ನು ಹಿಡಿದುಕೊಂಡ ಹಿರಿಯ ಮಗಳು. ಆ ಹುಡುಗಿ ಮರುದಿನ ಶಾಲೆಗೆ ಬಂದರೂ ತೂಕಡಿಸುತ್ತಾಳೆ. ಅವಳನ್ನು ಎಬ್ಬಿಸಿ ನಿಲ್ಲಿಸುವ ಮೊದಲು ರಾತ್ರಿ ಎಷ್ಟು ಹೊತ್ತಿಗೆ ಮಲಗಿದಳೆಂದು ಕೇಳಿ. ಹೊಡೆಯುವದಂತೂ ಕಾಯದೆಯ 17ನೆಯ ಕಲಮಿನಿಂದಲೇ ನಿಷಿದ್ಧ. ಆ ಮಾತನ್ನು ಬೆಳೆಸುವದಿಲ್ಲ.

ಬೇಸಗೆಯ ಗೈರುಹಾಜರಿ ಇನ್ನೊಂದು ಬಗೆಯದು. ಆಗ ಮಕ್ಕಳು ಹಿರಿಯರೊಡನೆ ದರಕು ಗುಡಿಸಲು ಬೆಟ್ಟಕ್ಕೆ ಹೋಗುತ್ತಾರೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರಿನಲ್ಲಿ ಗುರುತಿಸಲ್ಪಟ್ಟ ಮಂಗನ ಕಾಯಿಲೆ ಸಿದ್ದಾಪುರದ ಕಡೆಗೆ ಮತ್ತೆ ಮತ್ತೆ ಬಂದಿದೆ. 2024ರಲ್ಲಿಯೂ ಅಲ್ಲಿ ಜನ ಸತ್ತರು. ಅದನ್ನು ಹರಡುವದು ಕಾಡಿನ ಉಣುಗು. ಬೆಟ್ಟಕ್ಕೆ ಹೋಗಿ ಬಂದ ಹುಡುಗನಿಗೆ ಒಮ್ಮೆಲೆ ಜ್ವರ, ವಿಪರೀತ ತಲೆನೋವು ಬಂತೆಂದು ತಿಳಿದರೆ ಮಾಸ್ತರರು ಅದೇ ದಿನ ಆಸ್ಪತ್ರೆಗೆ ಸುದ್ದಿ ಮುಟ್ಟಿಸಬೇಕು. ಮನೆಯವರು ಎರಡು ದಿನ ನೋಡೋಣವೆಂದಾರು. ನೀವು ಹಾಗೆ ನೋಡುತ್ತ ಕೂಡಬಾರದು.

ಭಾಷೆಯ ವಿಷಯವನ್ನು ಕೇಳಿ. ಯಲ್ಲಾಪುರದ ಕಡೆ ನಿಮ್ಮ ಒಂದನೆಯ ಇಯತ್ತೆಯಲ್ಲಿ ಕೊಂಕಣಿಯಾಡುವ ಸಿದ್ದಿಯರ ಮಗುವಿರಬಹುದು, ಮರಾಠಿಯ ಒಂದು ಬಗೆಯನ್ನಾಡುವ ಗೌಳಿಯರ ಮಗುವಿರಬಹುದು. ಹವ್ಯಕರ ಮನೆಯ ಹುಡುಗ ‘ಆನು’ ಎಂದರೆ ‘ನಾನು’ ಎಂದೇ ಅರ್ಥ. ನಿಮ್ಮ ವಿಜಾಪುರದ ಕನ್ನಡವೂ ಅವರಿಗೆ ಹೊಸದೇ, ನಗಬೇಡಿ! ಮಗು ಉತ್ತರ ಕೊಡದಿದ್ದರೆ ದಡ್ಡನೆಂದು ತಿಳಿಯುವದಕ್ಕಿಂತ ಮೊದಲು ನಿಮ್ಮ ಪ್ರಶ್ನೆ ಅದಕ್ಕೆ ಮುಟ್ಟಿತೇ ಎಂದು ನೋಡಿ. ಆ ಮಗುವಿನ ಮನೆಮಾತಿನಲ್ಲಿ ನೀರು, ಅನ್ನ, ಬಾ, ಕೂಡು, ಹೊಟ್ಟೆನೋವು ಇಂಥ ಇಪ್ಪತ್ತು ಶಬ್ದಗಳನ್ನು ಕಲಿತುಕೊಂಡರೆ ಮೂರು ತಿಂಗಳಲ್ಲಿ ಅದು ನಿಮ್ಮ ಕನ್ನಡಕ್ಕೆ ಬರುತ್ತದೆ. ಈ ಜಿಲ್ಹೆಯ ಸಿದ್ದಿಯರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿದ್ದು 2003ರಲ್ಲಿ. ಸವಲತ್ತು ಕಾಗದದ ಮೇಲಿದೆ. ಜಾತಿಯ ದಾಖಲೆ, ವಿದ್ಯಾರ್ಥಿವೇತನದ ಅರ್ಜಿ ಇವನ್ನು ತುಂಬಿಕೊಡುವ ಕೈ ಬಹಳ ಮನೆಗಳಲ್ಲಿಲ್ಲ. ಆ ಕೈ ನಿಮ್ಮದಾಗಬೇಕು.

ಈ ಜಿಲ್ಹೆಯಲ್ಲಿ ಗೇಣಿದಾರರನ್ನು ಸಂಘಟಿಸಿದ ದಿನಕರ ದೇಸಾಯಿಯವರೇ 1953ರಲ್ಲಿ ಕೆನರಾ ವೆಲ್ಫೇರ್ ಟ್ರಸ್ಟ್ ಕಟ್ಟಿ ಶಾಲೆಗಳನ್ನು ತೆರೆಯಲು ಹೊರಟರು. ಭೂಮಿಯ ಪ್ರಶ್ನೆಯನ್ನೂ ಅಕ್ಷರದ ಪ್ರಶ್ನೆಯನ್ನೂ ಅವರು ಬೇರೆ ಬೇರೆಯೆಂದು ಎಣಿಸಲಿಲ್ಲ. 1974ರ ಭೂಸುಧಾರಣೆಯಿಂದ ಗೇಣಿ ಹೋಯಿತು, ಉಳುವವರು ಒಡೆಯರಾದರು. ಉಳಲಿಕ್ಕೂ ತುಂಡು ನೆಲವಿಲ್ಲದವರು ಮಾತ್ರ ಹಾಗೆಯೇ ಉಳಿದರು. ಆ ಹಾಜರಿ ಪುಸ್ತಕದ ಕೆಂಪು ಗುರುತುಗಳನ್ನು ಎಣಿಸಿ ನೋಡಿ, ಹೆಚ್ಚಿನವು ಅವರ ಮಕ್ಕಳ ಹೆಸರಿನ ಎದುರಿಗೇ ಇರುತ್ತವೆ.

ಮಧ್ಯಾಹ್ನದ ಊಟದ ಹೊತ್ತಿಗೆ ಕಣ್ಣಿಟ್ಟಿರಿ. ಯಾರ ಪಕ್ಕದಲ್ಲಿ ಯಾರು ಕೂಡುತ್ತಾರೆ, ಯಾರು ಪಂಕ್ತಿಯ ಕೊನೆಗೆ ಸರಿಯುತ್ತಾರೆ, ಯಾರು ಮನೆಯಿಂದ ಡಬ್ಬಿ ತಂದು ಬೇರೆ ಉಣ್ಣುತ್ತಾರೆ. ಭಾಷಣ ಮಾಡಬೇಡಿ. ದಿನವೂ ಅದೇ ಅನ್ನವನ್ನು, ಅದೇ ಸಾಲಿನಲ್ಲಿ, ದಿನಕ್ಕೊಂದು ಜಾಗದಲ್ಲಿ ಕುಳಿತು ನೀವು ಉಣ್ಣಿರಿ.

ವರ್ಗಾವಣೆಯ ಮಾತೂ ಬಂದೇ ಬರುತ್ತದೆ. ‘ಮಾಸ್ತರ್ರೇ, ಎಷ್ಟು ವರ್ಷ ಇರ್ತ್ರಿ?’ ಎಂದು ಊರವರು ಮೊದಲನೆಯ ವಾರದಲ್ಲಿಯೇ ಕೇಳುತ್ತಾರೆ. ಬಂದವರೆಲ್ಲ ಹೋದದ್ದನ್ನು ಕಂಡವರು ಅವರು. ಪೇಟೆಗೆ ಹೋಗಬೇಕೆಂಬ ಆಸೆ ತಪ್ಪಲ್ಲ. ನಿಮಗೂ ತಂದೆತಾಯಿಗಳಿದ್ದಾರೆ, ಸಂಸಾರವಿದೆ. ಆದರೆ ಇರುವಷ್ಟು ದಿನ ಊರಿನಲ್ಲಿಯೇ, ಇಲ್ಲವೆ ನಡೆದು ಬರುವಷ್ಟು ಹತ್ತಿರದಲ್ಲಿ ಬಾಡಿಗೆಗೆ ಮನೆ ಹಿಡಿಯಿರಿ. ಹತ್ತು ಗಂಟೆಯ ಬಸ್ಸಿಗೆ ಬಂದು ನಾಲ್ಕು ಗಂಟೆಯ ಬಸ್ಸಿಗೆ ಹೋಗುವವರಿಗೆ ಸುಲಿಗೆಮನೆಯ ರಾತ್ರಿ ಎಂದೂ ಕಾಣಿಸದು.

ಇನ್ನು ಪಾಲಕರ ಸಭೆ. ಶಾಲೆಯ ಮೇಲುಸ್ತುವಾರಿ ಸಮಿತಿಯಲ್ಲಿ ಪಾಲಕರಿಗೇ ಹೆಚ್ಚಿನ ಸ್ಥಾನ. ಅದರ ಸಭೆಯನ್ನು ಕೆಲಸದ ದಿನ ಹನ್ನೊಂದು ಗಂಟೆಗೆ ಕರೆದು, ‘ಬಡವರಿಗೆ ಮಕ್ಕಳ ಓದಿನ ಕಾಳಜಿ ಇಲ್ಲ’ ಎನ್ನುವವರುಂಟು. ಈ ಗಿರಣಿಯ ಗೆಳೆಯರನ್ನು ಕೇಳಿ ನೋಡಿ: ಹನ್ನೊಂದಕ್ಕೆ ಶಾಲೆಗೆ ಬಂದರೆ ಆ ದಿನದ ಪಗಾರ ಯಾರು ಕೊಡುವರು? ಸಂಜೆ ದೀಪ ಹಚ್ಚುವ ಹೊತ್ತಿಗೆ ಕರೆಯಿರಿ, ಜನ ಬಂದು ಕೂಡುತ್ತಾರೆ.

ಕೊನೆಗೆ, ಈ ಸಭೆಯಲ್ಲಿ ತೋಟವುಳ್ಳವರೂ ಸುಲಿಗೆಗೆ ಜನ ಗೊತ್ತುಮಾಡಿಕೊಡುವ ವ್ಯಾಪಾರಿಗಳೂ ಇದ್ದೀರಿ. 2016ರ ತಿದ್ದುಪಡಿಯ ಮೇಲೆ 14 ವರ್ಷದೊಳಗಿನ ಮಗುವನ್ನು ಯಾವ ಕೂಲಿಗೂ ಇಟ್ಟುಕೊಳ್ಳುವಂತಿಲ್ಲ. ಶಾಲೆ ಬಿಟ್ಟ ಮೇಲೆ ಸ್ವಂತ ಮನೆಯ ಕೆಲಸಕ್ಕೆ ಕೈಗೂಡಿಸುವದಷ್ಟೇ ಬೇರೆ. ಈ ಸಲ ದೀಪಾವಳಿಯಾದ ಮೇಲೆ ಈ ಹೊಸ ಮಾಸ್ತರರೋ ಅಕ್ಕೋರೋ ನಿಮ್ಮ ಅಂಗಳಕ್ಕೆ ಬಂದು ‘ಇಂಥ ಹುಡುಗಿ ಮೂರು ದಿನದಿಂದ ಬಂದಿಲ್ಲ’ ಎಂದು ವಿಚಾರಿಸಿದರೆ ಅಧಿಕಪ್ರಸಂಗವೆನ್ನಬೇಡಿ. ಕೂರಲು ಹೇಳಿ, ಒಂದು ಲೋಟ ಚಹಾ ಕೊಟ್ಟು, ಆ ಹುಡುಗಿಯನ್ನು ಅವರ ಜತೆ ಕಳಿಸಿಕೊಡಿ. ಅವಳ ತಾಯಿಯ ಕೂಲಿಯಲ್ಲಿ ಮಾತ್ರ ಕಾಸೂ ಹಿಡಿಯಬೇಡಿ.