ಭಾನುವಾರದ ವಾಕ್ಯ, ಸೋಮವಾರದ ಕೂಲಿ

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ನಿಮ್ಮಲ್ಲಿ ಚರ್ಚಿಗೆ ಹೋಗೋರೂ ಇದ್ದೀರಿ, ಹೋಗದೋರೂ ಇದ್ದೀರಿ. ಕೂಲಿಗೆ ಹೋಗದ ಮನೆ ಮಾತ್ರ ಕಡಿಮೆ. ಅದಕ್ಕೇ ಭಕ್ತಿಯ ಮಾತನ್ನ ಕೂಲಿಯಿಂದಲೇ ಶುರು ಮಾಡ್ತೀನಿ.

ಭಾನುವಾರ ಒಗೆದ ಬಟ್ಟೆ ಉಟ್ಟು, ಬೈಬಲ್ ಹಿಡ್ಕೊಂಡು ಆರಾಧನೆಗೆ ಹೋಗ್ತೀವಿ. ಸೋಮವಾರ ಆದೋನಿಯ ಹತ್ತಿ ಮಿಲ್ಲಿಗೋ ಗಾರೆ ಕೆಲಸಕ್ಕೋ ಹೊರಡುವಾಗ ಬೈಬಲ್ ಜೊತೆ ಭಕ್ತಿಯನ್ನೂ ಗೂಡಿನಲ್ಲೇ ಇಟ್ಟು ಹೋಗೋದಾ?

ಯೇಸು ಸ್ವಾಮಿ ಬಡಗಿ. ಮಾರ್ಕನ ಸುವಾರ್ತೆ 6ನೇ ಅಧ್ಯಾಯ ಓದಿ. ಸ್ವಂತ ಊರಿನವರೇ ಆತನ ಕಸುಬು ಎತ್ತಿ ಹೀಗಳೆದರು. ಕಸುಬು ನೋಡಿ ಮನುಷ್ಯನನ್ನ ಅಳೆಯೋ ನೋವು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಪೌಲನೂ ಡೇರೆ ಮಾಡೋ ಕೆಲಸದಿಂದ ಉಣ್ಣುತ್ತಾ ಸುವಾರ್ತೆ ಸಾರಿದವನು.

ಹಾಗಂತ ತಲೆ ಬಗ್ಗಿಸಿ ದುಡಿಯೋದಷ್ಟೇ ಭಕ್ತಿಯಲ್ಲ. ನಿಯತ್ತಾಗಿ ದುಡಿಯಲೇಬೇಕು. ಸಿಮೆಂಟ್ ಕಡಿಮೆ ಹಾಕಿ ಎಬ್ಬಿಸಿದ ಗೋಡೆಯ ಬುಡದಲ್ಲಿ ಮಲಗೋದು ಯಾರದೋ ಮಕ್ಕಳು. ಆದರೆ ಕೂಲಿಯ ವಿಷಯದಲ್ಲೂ ವಾಕ್ಯ ಅಷ್ಟೇ ಗಟ್ಟಿ. ಆಳಿನ ಕೂಲಿಯನ್ನ ಬೆಳಗಿನ ತನಕ ಇಟ್ಟುಕೊಳ್ಳಬಾರದು ಅಂತ ಯಾಜಕಕಾಂಡ 19ರಲ್ಲಿದೆ. ಹೊಲ ಕೊಯ್ದವರಿಗೆ ಕೊಡದೆ ಹಿಡಿದಿಟ್ಟ ಕೂಲಿಯೇ ಮೊರೆಯಿಡುತ್ತೆ ಅಂತ ಯಾಕೋಬನ ಪತ್ರಿಕೆ 5ರಲ್ಲಿದೆ. ಹಾಗಾದ್ರೆ ಬಾಕಿ ಕೂಲಿ ಕೇಳೋದು ನಂಬಿಕೆ ಕಮ್ಮಿಯಾಗಿ ಅಲ್ಲ, ನಂಬಿಕೆ ಇರೋದರಿಂದಲೇ.

ಮತ್ತಾಯ 20ರ ದ್ರಾಕ್ಷೇತೋಟದ ಸಾಮ್ಯವನ್ನೂ ನೋಡಿ. ನಮ್ಮ ಅಡ್ಡಾದಲ್ಲಿ ನಿಲ್ಲೋರ ಹಾಗೆ, ಯಾರೂ ಕರೆಯದೆ ಹೊತ್ತು ಇಳಿಯೋ ತನಕ ಪೇಟೆಯಲ್ಲಿ ನಿಂತವರಿದ್ದರು. ಕೊನೆಯ ಒಂದು ತಾಸು ದುಡಿದವನಿಗೂ ಧಣಿ ಪೂರ್ತಿ ದಿನದ ಕೂಲಿ ಕೊಟ್ಟ. ಅವನ ಮನೆಯಲ್ಲೂ ಒಲೆ ಉರಿಯಬೇಕಲ್ಲ ಅಂತ ನಾನು ಅರ್ಥ ಮಾಡ್ಕೊಂಡಿದ್ದೀನಿ.

ಈ ಮಾತು ಧಣಿಗಳಿಗಷ್ಟೇ ಅಲ್ಲ, ನಮಗೂ. ಗುಂಟೂರು ಕಡೆ ಮೆಣಸಿನಕಾಯಿ ಬಿಡಿಸೋಕೆ ಸುಗ್ಗಿಗೆ ಹೋಗ್ತೀವಿ. ಗುಂಪು ಕಟ್ಟೋ ಮೇಸ್ತ್ರಿ ಎಷ್ಟೋ ಸಲ ನಮ್ಮವನೇ. ಮುಂಗಡ ಎಷ್ಟು, ಕಿಲೋಗೆ ಎಷ್ಟು, ತನ್ನ ಕಮಿಷನ್ ಎಷ್ಟು ಅಂತ ಎಲ್ಲರ ಮುಂದೆ ಹೇಳಿದರೆ ಅದೇ ಅವನ ಸಾಕ್ಷಿ. ಅಂಥ ಸಾಕ್ಷಿಗೆ ಮೈಕು ಬೇಕಾಗಿಲ್ಲ. ಒಂದೇ ಕೆಲಸಕ್ಕೆ ಗಂಡಾಳಿಗೊಂದು, ಹೆಣ್ಣಾಳಿಗೊಂದು ಕೂಲಿ ಕೊಡಬಾರದು ಅಂತ 1976ರಲ್ಲೇ ಕಾನೂನು ಬಂತು. ನಮ್ಮ ಗುಂಪಿನಲ್ಲಾದರೂ ಅದು ನಡೀಲಿ. ಮಕ್ಕಳನ್ನ ಗಂಟುಮೂಟೆ ಜೊತೆ ಲಾರಿ ಹತ್ತಿಸಬೇಡಿ. ಅಜ್ಜಿ ಹತ್ರವೋ ಹಾಸ್ಟೆಲಿನಲ್ಲೋ ಬಿಡಿ. ಸಂಜೆ ಅವರ ಪಾಠ ನಾವು ಹುಡುಗರು ನೋಡ್ಕೋತೀವಿ.

ಬಾಬಾಸಾಹೇಬರು 1942ರಿಂದ 1946ರವರೆಗೆ ವೈಸ್‌ರಾಯ್ ಮಂಡಳಿಯಲ್ಲಿ ಕಾರ್ಮಿಕ ಖಾತೆ ನಡೆಸಿದವರು. 1956ರಲ್ಲಿ ಅವರು ಹಿಡಿದದ್ದು ಬುದ್ಧನ ದಾರಿ. ನಮ್ಮಲ್ಲಿ ಕೆಲವರದು ಯೇಸುವಿನ ದಾರಿ. ದುಡಿಯೋನ ಮಾನ ಕಾಯೋ ಕೆಲಸದಲ್ಲಿ ನಾವು ಒಟ್ಟಿಗೆ ನಡೀಬಹುದು.

ನನ್ನದೊಂದು ಕೋರಿಕೆ. ಈ ಸಲ ಸುಗ್ಗಿಗೆ ಹೊರಡೋ ಪ್ರತಿ ಗುಂಪಿಗೂ ಸಂಘದಿಂದ ಒಂದು ನೋಟುಬುಕ್ಕು ಕೊಡೋಣ. ಹೆಸರು, ತೂಕ, ಕೊಟ್ಟ ದುಡ್ಡು, ಬಾಕಿ, ಇಷ್ಟೇ ಬರೆಯೋದು. ಓದು ಬಂದವರು ಬರೀರಿ, ರಾತ್ರಿ ಊಟಕ್ಕೆ ಕೂತಾಗ ಎಲ್ಲರಿಗೂ ಕೇಳೋ ಹಾಗೆ ಓದಿ ಹೇಳಿ. ಪ್ರಾರ್ಥನೆ ಮಾಡೋರು ಅದಾದ ಮೇಲೆ ಮಾಡಿ.

ಜೈ ಭೀಮ್.