ಅತಿಮಧುರದ ಬೇರು: ಮನೆಯಲ್ಲಿ ಅದರ ಉಪಯೋಗ, ಹೊಲದಲ್ಲಿ ಅದರ ಯೋಗ್ಯತೆ

(ಕರೂರಿನಲ್ಲಿ ಸೇರಿದ್ದ ರೈತರ ಸಭೆಯಲ್ಲಿ ಕೃಷಿ ಇನ್‌ಸ್ಪೆಕ್ಟರವರು ಮಾಡಿದ ಭಾಷಣ)



ಈ ದಿನ ತಮ್ಮ ಮುಂದೆ ಅರಿಕೆಮಾಡಬೇಕಾದ ವಿಷಯವು ಅತಿಮಧುರವೆಂಬ ಬೇರನ್ನು ಕುರಿತದ್ದು. ಇದನ್ನು ನಮ್ಮಲ್ಲಿ ಕೆಲವರು ಜ್ಯೇಷ್ಠಮಧು ಎನ್ನುವರು. ವೈದ್ಯರು ಯಷ್ಟಿಮಧು ಎಂದು ಬರೆಯುವರು. ಗಡಿಯಾಚೆಯ ತೆಲುಗರೂ ಅತಿಮಧುರವೆಂದೇ ಕರೆಯುವರು. ಹೆಸರು ಎಲ್ಲರ ಬಾಯಲ್ಲಿಯೂ ಇದೆ, ಬೇರು ಗ್ರಂಥಿಗೆ ಅಂಗಡಿಯಲ್ಲಿ ದೊರೆಯುತ್ತದೆ, ಆದರೆ ಗಿಡವನ್ನು ಕಣ್ಣಾರೆ ಕಂಡವರು ಈ ಪ್ರಾಂತದಲ್ಲಿ ಬಹಳ ವಿರಳ. ಹೀಗೆ ಹೆಸರು ಪರಿಚಿತವಾಗಿಯೂ ಗಿಡ ಅಪರಿಚಿತವಾಗಿಯೂ ಇರುವ ಕಡೆಯಲ್ಲಿ ಎರಡು ಬಗೆಯ ನಷ್ಟಕ್ಕೆ ಎಡೆಯುಂಟು. ಒಂದು, ಅತಿಮಧುರವೆಂದು ತಿಳಿದು ಬೇರೊಂದು ಬೇರನ್ನು ಸೇವಿಸುವುದು. ಇನ್ನೊಂದು, ಔಷಧಿಯ ಬೆಳೆಯೆಂಬ ಮಾತಿಗೆ ಮರುಳಾಗಿ ಇರುವ ಹೊಲವನ್ನೂ ಹಣವನ್ನೂ ಮೂರು ನಾಲ್ಕು ವರ್ಷ ಕಟ್ಟಿಹಾಕಿಕೊಳ್ಳುವುದು. ಈ ಎರಡರ ವಿಚಾರವಾಗಿಯೇ ನಾನು ಹೆಚ್ಚಾಗಿ ಮಾತನಾಡುವವನಿದ್ದೇನೆ.

ಅತಿಮಧುರವು ತೊಗರಿ, ಕಡಲೆ, ಸೆಣಬುಗಳ ಜಾತಿಗೆ ಸೇರಿದ ಗಿಡ. ಆಳೆತ್ತರದವರೆಗೆ ಬೆಳೆಯುತ್ತದೆ, ಊದಾ ಬಣ್ಣದ ಸಣ್ಣ ಹೂ ಬಿಡುತ್ತದೆ. ಇದರ ತೌರು ಮೆಡಿಟರೇನಿಯನ್ ಸಮುದ್ರದ ದಡದಿಂದ ಇರಾನ್ ಮತ್ತು ಮಧ್ಯ ಏಷ್ಯದವರೆಗೆ ಹಬ್ಬಿದ ಬಯಲುನಾಡು. ಶಾಸ್ತ್ರಜ್ಞರು ಇದಕ್ಕೆ ಗ್ಲಿಸಿರೈಜಾ ಗ್ಲಾಬ್ರಾ ಎಂದು ಹೆಸರಿಟ್ಟಿರುವರು. ಗ್ರೀಕರ ಮಾತಿನಲ್ಲಿ ಸಿಹಿಯಾದ ಬೇರೆಂದು ಅದರ ಮೊದಲ ಪದದ ಅರ್ಥ. ಇಂದಿಗೂ ನಮ್ಮ ದೇಶಕ್ಕೆ ಬೇಕಾದ ಬೇರಿನಲ್ಲಿ ಬಹುಭಾಗವು ಅಫ್ಘಾನಿಸ್ತಾನ, ಇರಾನ್ ಮೊದಲಾದ ಹೊರನಾಡುಗಳಿಂದಲೇ ಬರುತ್ತದೆ. ಆದಕಾರಣ ಬಳ್ಳಾರಿಯ ಪೇಟೆಯಲ್ಲಿ ಕೊಳ್ಳುವ ತುಂಡು ಸಾಮಾನ್ಯವಾಗಿ ನೂರಾರು ಹರದಾರಿ ದಾಟಿ ಬಂದದ್ದೆಂದು ತಿಳಿಯತಕ್ಕದ್ದು.

ಹೊರನಾಡಿನ ಬೇರಾದರೂ ನಮ್ಮ ವೈದ್ಯರಿಗೆ ಇದು ಹೊಸದಲ್ಲ. ಚರಕ ಸಂಹಿತೆಯಲ್ಲಿ ಕಂಠಕ್ಕೆ ಹಿತವಾದವುಗಳು, ಮುರಿದದ್ದನ್ನು ಕೂಡಿಸುವವುಗಳು, ಮೈಬಣ್ಣಕ್ಕೆ ಒಳ್ಳೆಯವುಗಳು, ತುರಿಯನ್ನು ಶಮನ ಮಾಡುವವುಗಳು ಎಂದು ಮೂಲಿಕೆಗಳನ್ನು ವರ್ಗ ಮಾಡಿರುವಲ್ಲಿ ಈ ನಾಲ್ಕು ವರ್ಗಗಳಲ್ಲಿಯೂ ಯಷ್ಟಿಮಧುವಿದೆ. ಬುದ್ಧಿಗೆ ಬಲ ಕೊಡುವ ನಾಲ್ಕು ರಸಾಯನಗಳಲ್ಲಿ ಇದರ ಚೂರ್ಣವನ್ನು ಹಾಲಿನೊಡನೆ ಸೇವಿಸುವುದೂ ಒಂದು. ಸುಶ್ರುತನು ಶಸ್ತ್ರದಿಂದಾದ ಗಾಯದ ನೋವಿಗೆ ಯಷ್ಟಿಮಧು ಬೆರಸಿದ ಬೆಚ್ಚನೆಯ ತುಪ್ಪವನ್ನು ಹೇಳಿರುವನು. ಈ ಗ್ರಂಥಗಳನ್ನು ಓದದ ಮನೆಗಳಲ್ಲಿಯೂ ಬಳಕೆ ಬಹುಮಟ್ಟಿಗೆ ಇದೇ ದಾರಿಯಲ್ಲಿ ನಡೆದು ಬಂದಿದೆ. ಗಂಟಲು ಕೆರೆತಕ್ಕೆ ಒಂದು ಸಣ್ಣ ತುಂಡನ್ನು ಬಾಯಲ್ಲಿಟ್ಟು ರಸ ನುಂಗುವರು. ಒಣಕೆಮ್ಮಿಗೆ ಜೇನಿನಲ್ಲಿ ಪುಡಿಯನ್ನು ಕಲಸಿ ನೆಕ್ಕುವರು. ಬಾಯಿಹುಣ್ಣಿಗೆ ಕಷಾಯದಿಂದ ಮುಕ್ಕಳಿಸುವರು. ಹೊಟ್ಟೆಯ ಉರಿಗೆ ಹಾಲಿನಲ್ಲಿ ಕುಡಿಯುವರು. ಹಾಡುವವರು, ಹರಿಕಥೆ ಮಾಡುವವರು, ಬಯಲಾಟದಲ್ಲಿ ರಾತ್ರಿಯೆಲ್ಲ ಕೂಗಿ ಮಾತನಾಡುವವರು ಇದನ್ನು ಚೀಲದಲ್ಲಿಟ್ಟುಕೊಂಡಿರುವುದು ಸರಿಯಾದ ಪದ್ಧತಿಯೇ. ಬೇರಿನ ರಸವು ಗಂಟಲಿನ ಒಳಪೊರೆಯನ್ನು ತೇವವಾಗಿಟ್ಟು ಕೆರೆತವನ್ನು ತಗ್ಗಿಸುತ್ತದೆ.

ಹೊಟ್ಟೆಹುಣ್ಣಿನ ವಿಷಯದಲ್ಲಿ ಪಾಶ್ಚಾತ್ಯ ವೈದ್ಯರೂ ಈ ಬೇರಿನ ಕಡೆಗೆ ತಿರುಗಿದ್ದುಂಟು. 1946ರಲ್ಲಿ ಹಾಲೆಂಡಿನ ರೆವರ್ಸ್ ಎಂಬ ವೈದ್ಯನು ಇದರ ಸಾರವನ್ನು ಹೊಟ್ಟೆಹುಣ್ಣಿನ ರೋಗಿಗಳಿಗೆ ಕೊಟ್ಟು ಗುಣವನ್ನು ಕಂಡನು. ಆದರೆ ಅವರಲ್ಲಿ ಕೆಲವರಿಗೆ ಮುಖವೂ ಕಾಲುಗಳೂ ಊದಿಕೊಂಡವು. ಈ ಊತವನ್ನು ಆತನು ಮುಚ್ಚಿಡದೆ ಪ್ರಕಟಿಸಿದ್ದರಿಂದ ನಮಗೆ ದೊಡ್ಡ ಉಪಕಾರವಾಯಿತು. ಬೇರಿಗೆ ಸಿಹಿ ಕೊಡುವ ವಸ್ತುವಿಗೆ ಗ್ಲಿಸಿರೈಜಿನ್ ಎಂದು ಹೆಸರು. ಇದು ಸಕ್ಕರೆಗಿಂತ ಸುಮಾರು ಐವತ್ತು ಪಾಲು ಸಿಹಿ. ಇದೇ ವಸ್ತುವು ಮಿತಿಮೀರಿದರೆ ದೇಹವು ಉಪ್ಪನ್ನು ಹೊರಹಾಕದೆ ಹಿಡಿದಿಟ್ಟುಕೊಳ್ಳುತ್ತದೆ, ಪೊಟ್ಯಾಸಿಯಂ ಎಂಬ ಲವಣವು ಮೂತ್ರದಲ್ಲಿ ಹರಿದುಹೋಗುತ್ತದೆ, ರಕ್ತದೊತ್ತಡ ಏರುತ್ತದೆ, ಸ್ನಾಯುಗಳು ಸೋಲುತ್ತವೆ, ಕಡೆಗೆ ಹೃದಯದ ಬಡಿತವೇ ತಪ್ಪುತ್ತದೆ. ಅಮೆರಿಕದಲ್ಲಿ ಅತಿಮಧುರದ ಮಿಠಾಯಿಯನ್ನು ಮೂರು ವಾರಗಳ ಕಾಲ ಪ್ರತಿದಿನವೂ ಚೀಲಗಟ್ಟಲೆ ತಿಂದ ಒಬ್ಬ ಮನುಷ್ಯನು ಇದೇ ಕಾರಣದಿಂದ ತೀರಿಕೊಂಡ ಸಂಗತಿಯು 2020ರಲ್ಲಿ ಅಲ್ಲಿನ ವೈದ್ಯ ಪತ್ರಿಕೆಯಲ್ಲಿ ಪ್ರಕಟವಾಯಿತು.

ಹಾಗಾದರೆ ಮಿತಿಯೆಷ್ಟು? ಆಯುರ್ವೇದದ ಔಷಧಕೋಶದಲ್ಲಿ ಪುಡಿಯ ಪ್ರಮಾಣವು ದಿನಕ್ಕೆ 2ರಿಂದ 4 ಗ್ರಾಂ ಎಂದಿದೆ. ಐರೋಪ್ಯ ತಜ್ಞರು ಗ್ಲಿಸಿರೈಜಿನ್ ದಿನಕ್ಕೆ 100 ಮಿಲಿಗ್ರಾಂ ಮೀರಕೂಡದೆಂದಿರುವರು. ನೂರಕ್ಕೆ ನಾಲ್ಕರ ಸಾರವುಳ್ಳ ಬೇರಾದರೆ ಇದು ಎರಡೂವರೆ ಗ್ರಾಮಿನಲ್ಲಿ ಮುಗಿಯುತ್ತದೆ. ಎರಡು ಲೆಕ್ಕಗಳೂ ಬಹುಮಟ್ಟಿಗೆ ಹೊಂದಿಕೊಳ್ಳುವುದನ್ನು ತಾವು ನೋಡಬಹುದು. ಚಹದ ಚಮಚೆಯಲ್ಲಿ ಒಂದು ಚಮಚೆ ಪುಡಿಯೇ ಸಾಕು. ಅದೂ ಕೆಮ್ಮು ಇಳಿಯುವವರೆಗೆ ಕೆಲವು ದಿನ. ಬೇರುಮೂಲದ ಔಷಧಿ ಎಷ್ಟು ತಿಂದರೂ ಅಪಾಯವಿಲ್ಲವೆಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಅದು ಬಿಡತಕ್ಕ ನಂಬಿಕೆ. ರಕ್ತದೊತ್ತಡ, ಹೃದಯ, ಮೂತ್ರಪಿಂಡಗಳ ತೊಂದರೆಯುಳ್ಳವರೂ, ನೀರಿಳಿಯುವ ಮಾತ್ರೆ ನುಂಗುವವರೂ, ಬಸುರಿಯರೂ ವೈದ್ಯರನ್ನು ಕೇಳದೆ ಇದನ್ನು ಮುಟ್ಟಕೂಡದು. ಎಳೆಗೂಸಿಗೆ ಬಜೆ, ಜಾಯಿಕಾಯಿಗಳೊಡನೆ ಈ ಬೇರನ್ನೂ ಸಾಣೆಕಲ್ಲಿನ ಮೇಲೆ ತೇದು ನೆಕ್ಕಿಸುವ ವಾಡಿಕೆ ಕೆಲವು ಮನೆಗಳಲ್ಲಿದೆ. ತಾಯಂದಿರು ಅದನ್ನು ನಿಲ್ಲಿಸಬೇಕೆಂದು ನನ್ನ ಪ್ರಾರ್ಥನೆ. ವರ್ಷ ತುಂಬದ ಮಗುವಿಗೆ ಜೇನನ್ನಂತೂ ಕೊಡಲೇಬಾರದು. ಅದರಲ್ಲಿರಬಹುದಾದ ಒಂದು ಸೂಕ್ಷ್ಮಜೀವಿಯು ಎಳೆಯ ಕರುಳಿನಲ್ಲಿ ಬೆಳೆದು ವಿಷವನ್ನುಂಟುಮಾಡುವುದುಂಟು.

ಇನ್ನು ಗುಲಗಂಜಿಯ ಮಾತು. ಹೊಲದ ಬೇಲಿಗಳಲ್ಲಿ ಹಬ್ಬುವ ಈ ಬಳ್ಳಿಯನ್ನು ತಾವೆಲ್ಲರೂ ಬಲ್ಲಿರಿ. ಕೆಂಪು ಮೈಗೆ ಕಪ್ಪು ಚುಕ್ಕೆಯಿರುವ ಇದರ ಬೀಜದಿಂದ ಅಕ್ಕಸಾಲಿಗರು ಬಂಗಾರವನ್ನು ತೂಗುತ್ತಿದ್ದರು. ಇದರ ಎಲೆಯೂ ಬೇರೂ ಅಗಿದರೆ ಸಿಹಿಯಾಗಿರುವುವು. ಏಕೆಂದರೆ ಗ್ಲಿಸಿರೈಜಿನ್ ಇದರಲ್ಲಿಯೂ ಸ್ವಲ್ಪ ಇದೆ. ಆದುದರಿಂದಲೇ ಆಂಗ್ಲರು ಇದಕ್ಕೆ ಭಾರತದ ಅತಿಮಧುರವೆಂದು ಹೆಸರು ಕೊಟ್ಟರು. ವ್ಯಾಪಾರದಲ್ಲಿ ಇದರ ಬೇರನ್ನು ಅತಿಮಧುರದ ಬದಲಿಗೆ ಮಾರುವುದೂ ಅದರೊಡನೆ ಬೆರಸುವುದೂ ನಡೆದು ಬಂದಿದೆ. ಆದರೆ ಬೀಜದಲ್ಲಿ ಏಬ್ರಿನ್ ಎಂಬ ಘೋರ ವಿಷವಿದೆ. ಸಿಪ್ಪೆ ಒಡೆಯದೆ ನುಂಗಿದ ಬೀಜವು ಹಾಗೆಯೇ ಹೊರಬೀಳಬಹುದು. ಅಗಿದು ನುಂಗಿದ ಒಂದೇ ಬೀಜವು ಮಗುವಿನ ಪ್ರಾಣಕ್ಕೆ ಬರಬಹುದು. ಹಿಂದಿನ ಕಾಲದಲ್ಲಿ ಚರ್ಮದ ಆಸೆಗಾಗಿ ದುಷ್ಟರು ಈ ಬೀಜವನ್ನು ಅರೆದು, ಮುಳ್ಳಿನಂತೆ ಮಾಡಿ ಒಣಗಿಸಿ, ದನಗಳ ಮೈಗೆ ಚುಚ್ಚಿ ಕೊಲ್ಲುತ್ತಿದ್ದರು; ಪೊಲೀಸರ ಮತ್ತು ಪಶುವೈದ್ಯರ ಹಳೆಯ ಪುಸ್ತಕಗಳಲ್ಲಿ ಇದು ಪ್ರಸಿದ್ಧವಾದ ಅಪರಾಧ. ಬೇಲಿಯಲ್ಲಿ ಬಿಟ್ಟಿಯಾಗಿ ಸಿಕ್ಕುವ ಸಿಹಿ ಬೇರೆಂದು ಯಾರೂ ಇದನ್ನು ಅಗೆದು ತರಬಾರದು. ಹುಡುಗರು ಸರ ಪೋಣಿಸಲು ಬೀಜಕ್ಕೆ ತೂತು ಹಾಕುವುದು ಇನ್ನೂ ಕೆಟ್ಟದ್ದು; ಸಿಪ್ಪೆ ಒಡೆದೊಡನೆ ವಿಷಕ್ಕೆ ಬಾಗಿಲು ತೆರೆದಂತಾಯಿತು. ಮಗುವು ಅಗಿದಿದೆಯೆಂಬ ಸಂಶಯ ಬಂದರೆ ವಾಂತಿ ಭೇದಿ ಕಾಣಿಸಿಕೊಳ್ಳುವವರೆಗೆ ಕಾಯದೆ ಕೂಡಲೇ ಆಸ್ಪತ್ರೆಗೆ ಒಯ್ಯತಕ್ಕದ್ದು. ವಿಷವು ಏರಲು ಕೆಲವು ಗಂಟೆಗಳೇ ಹಿಡಿಯಬಹುದು.

ನಿಜವಾದ ಅತಿಮಧುರವನ್ನು ಗುರುತಿಸಲು ಪುಡಿಯನ್ನು ಕೊಳ್ಳದೆ ತುಂಡನ್ನು ಕೊಳ್ಳಬೇಕು. ಹೊರಗೆ ಕಂದು ಬಣ್ಣ, ಉದ್ದುದ್ದನೆಯ ಸುಕ್ಕು. ಮುರಿದರೆ ಒಳಗೆ ಹಳದಿ, ನಾರು ನಾರಾಗಿ ಬಿಡುವ ಮುರಿವು. ನಾಲಗೆಗೆ ಒಡನೆಯೇ ಹತ್ತುವ, ಬಹಳ ಹೊತ್ತು ಉಳಿಯುವ ಸಿಹಿ. ಒಳಗೆ ಬಿಳಿಚಿಕೊಂಡಿದ್ದು, ಸಿಹಿಯ ಹಿಂದೆ ಕಹಿಯೂ ಖಾರವೂ ಬಂದರೆ ಅಂತಹ ತುಂಡನ್ನು ಅಂಗಡಿಯವನಿಗೆ ಹಿಂದಿರುಗಿಸುವುದು ಲೇಸು.

ಈಗ ಬೇಸಾಯದ ವಿಚಾರ. ಹರಿಯಾಣದ ಹಿಸಾರಿನ ಕೃಷಿ ವಿಶ್ವವಿದ್ಯಾಲಯದವರು ನಮ್ಮ ದೇಶಕ್ಕೆ ಹೊಂದುವ ಒಂದು ತಳಿಯನ್ನು ಸಿದ್ಧಪಡಿಸಿರುವರು. ಬೀಜಕ್ಕಿಂತ ಬೇರುಕಾಂಡದ ತುಂಡುಗಳಿಂದ ಬೆಳೆಸುವುದೇ ರೂಢಿ. ಒಂದು ಗೇಣಿನ, ಎರಡು ಮೂರು ಕಣ್ಣುಗಳುಳ್ಳ ತುಂಡನ್ನು ಮೂರಡಿ ಸಾಲಿನಲ್ಲಿ ಒಂದೂವರೆ ಅಡಿಗೊಂದರಂತೆ ನೆಡುವರು. ಬೇರು ಮಾರುವ ಹದಕ್ಕೆ ಬರಲು ಮೂರು, ನಾಲ್ಕು ವರ್ಷ ಬೇಕು. ಅಲ್ಲಿಯವರೆಗೆ ಹೊಲದಿಂದ ಮುಖ್ಯ ಆದಾಯವಿಲ್ಲ. ಬಳಿಕ ಎರಡಡಿಗೂ ಹೆಚ್ಚು ಆಳ ಅಗೆದು ತೆಗೆಯಬೇಕು. ಮರಳು ಮಿಶ್ರಿತವಾದ ಸಡಿಲ ಭೂಮಿಯಲ್ಲಿ ಈ ಕೆಲಸ ಸಾಧ್ಯ. ನಮ್ಮ ಎರೆಭೂಮಿಯು ಬೇಸಿಗೆಯಲ್ಲಿ ಕಲ್ಲಾಗುವುದನ್ನೂ ಮಳೆಯಲ್ಲಿ ಅಂಟಾಗುವುದನ್ನೂ ತಮಗೆ ನಾನು ಹೇಳಬೇಕಾದದ್ದಿಲ್ಲ. ಅಗೆತದ ಕೂಲಿಯೇ ಬೇರಿನ ಬೆಲೆಯನ್ನು ನುಂಗಿಬಿಟ್ಟೀತು.

ಆದರೂ ಇದನ್ನು ಸವಳು ಭೂಮಿಗೆ ಮದ್ದೆಂದು ಹೇಳುವವರಿದ್ದಾರೆ. ಆ ಮಾತಿಗೆ ಆಧಾರವೂ ಇದೆ. ಉಜ್ಬೆಕಿಸ್ತಾನದಲ್ಲಿ ಹಸಿದ ಬಯಲೆಂದು ಕರೆಯುವ ಪ್ರದೇಶವಿದೆ. ಅಲ್ಲಿ ಹತ್ತಿಗಾಗಿ ಕಾಲುವೆ ನೀರನ್ನು ಹರಿಸಿ ಹರಿಸಿ, ಅಂತರ್ಜಲ ಮೇಲೇರಿ, ಉಪ್ಪು ನೆಲದ ಮುಖಕ್ಕೆ ಬಂದು ಹೊಲಗಳು ಪಾಳುಬಿದ್ದವು. ಅಂತಹ ಹೊಲದಲ್ಲಿ ನಾಲ್ಕು ವರ್ಷ ಅತಿಮಧುರವನ್ನು ಬೆಳೆದು ಅನಂತರ ಗೋಧಿ ಹತ್ತಿಗಳನ್ನು ಬಿತ್ತಿದರು. 2005ರಲ್ಲಿ ಪ್ರಕಟವಾದ ವರದಿಯಂತೆ, ಎಕರೆಗೆ ಸುಮಾರು ಮೂರೂವರೆ ಕ್ವಿಂಟಾಲ್ ಬರುತ್ತಿದ್ದ ಗೋಧಿ ಹತ್ತು ಕ್ವಿಂಟಾಲಿನ ಹತ್ತಿರಕ್ಕೆ ಬಂದಿತು. ಹತ್ತಿಯ ಇಳುವರಿ ಆರು ಪಾಲಾಯಿತು. ಗಿಡದ ಆಳವಾದ ಬೇರು ಕೆಳಗಿನ ನೀರನ್ನು ಹೀರಿ ಅದರ ಮಟ್ಟವನ್ನು ಇಳಿಸುತ್ತದೆ. ಎಲೆಯ ನೆರಳು ನೆಲದ ಆವಿಯನ್ನು ತಡೆಯುತ್ತದೆ. ಮೇಲಿನ ಉಪ್ಪು ನೀರಿನೊಡನೆ ಕೆಳಗಿಳಿಯುತ್ತದೆ.

ಈ ಕಥೆಯನ್ನು ಕೇಳಿದರೆ ಸಿರುಗುಪ್ಪ ತಾಲ್ಲೂಕಿನ ರೈತನಿಗೆ ತನ್ನ ಹೊಲದ ಕಥೆಯನ್ನೇ ಕೇಳಿದಂತಾಗುವುದು. 1953ರಿಂದ ತುಂಗಭದ್ರಾ ಜಲಾಶಯದ ನೀರು ಕಾಲುವೆಗಳಲ್ಲಿ ಹರಿದು, ಜೋಳ ಹತ್ತಿಗಳ ನಾಡಿನಲ್ಲಿ ಬತ್ತ ಹಬ್ಬಿತು. ಊರೂರಿಗೆ ಐಶ್ವರ್ಯ ಬಂದಿತು. ಅದರ ಜೊತೆಗೆ ತಗ್ಗಿನ ಹೊಲಗಳಲ್ಲಿ ಬಿಳಿಯ ಸವಳೂ ಬಂದಿತು. ಆದರೆ ಉಜ್ಬೆಕಿಸ್ತಾನದ ಮಣ್ಣು ಹಗುರವಾದ ಮೆಕ್ಕಲಿನಂತಹದು, ನಮ್ಮದು ಬಿಗಿಯಾದ ಎರೆ. ಅಲ್ಲಿ ಚಳಿಗಾಲದಲ್ಲಿ ಹಿಮ ಬೀಳುತ್ತದೆ, ಇಲ್ಲಿ ಬಿಸಿಲು ಬಿಡುವುದಿಲ್ಲ. ಮೇಲಾಗಿ ನಾಲ್ಕು ಕಡೆಯೂ ಬತ್ತದ ಗದ್ದೆಗಳಲ್ಲಿ ನೀರು ನಿಂತಿರುವಾಗ ನಡುವಿನ ಒಂದೆಕರೆಯ ಅತಿಮಧುರವು ಯಾರ ನೀರನ್ನೆಂದು ಹೀರೀತು? ಬೇರು ಕೊಳೆಯುವುದೇ ಹೆಚ್ಚು ಸಂಭವ. ಸವಳಿಗೆ ಮೊದಲು ಬೇಕಾದದ್ದು ಬಸಿಗಾಲುವೆ. ಅದೂ ಒಬ್ಬರ ಹೊಲದಲ್ಲಿ ತೋಡಿದರೆ ಸಾಲದು; ಮೇಲಿನ ಹೊಲದವರೂ ಕೆಳಗಿನ ಹೊಲದವರೂ ಕೂಡಿ ಹಳ್ಳದವರೆಗೆ ದಾರಿ ಮಾಡಬೇಕು. ಬಳಿಕ ಮಣ್ಣಿನ ಪರೀಕ್ಷೆ, ಪರೀಕ್ಷೆಯು ಬೇಕೆಂದರೆ ಜಿಪ್ಸಂ, ಹಸಿರೆಲೆಗೊಬ್ಬರಕ್ಕೆ ಡಯಂಚ. ಹೊಳೆಯಾಚೆಯ ಗಂಗಾವತಿಯ ಸಂಶೋಧನಾ ಕ್ಷೇತ್ರದಲ್ಲಿ ಇದೇ ಸವಳು ಭೂಮಿಯನ್ನು ಕುರಿತ ಕೆಲಸವು ನಡೆದಿದೆ. ನಾಲ್ಕೈದು ಮಂದಿ ಕೂಡಿ ಹೋಗಿ ನೋಡಿಬರುವುದು ಒಂದು ದಿನದ ಕೆಲಸ.

ಇಷ್ಟು ಹೇಳಿದರೂ ಬೆಳೆದು ನೋಡಲೇಬೇಕೆಂಬ ಉತ್ಸಾಹಿಗಳು ಹಗರಿಯ ದಡದ ಮರಳು ಮಿಶ್ರಿತ ಮಸಾರಿಯಲ್ಲಿ, ನೀರು ನಿಲ್ಲದ ಎತ್ತರದಲ್ಲಿ, ಎರಡು ಗುಂಟೆಯಷ್ಟು ನೆಟ್ಟು ನೋಡಲಿ. ಅದಕ್ಕಿಂತ ಹೆಚ್ಚು ಬೇಡ. ಬೇರನ್ನೆಲ್ಲ ನಾವೇ ಕೊಳ್ಳುವೆವೆಂದು ಹೇಳಿ ಸಸಿಗಳಿಗೆ ಮುಂಗಡ ಹಣ ಕೇಳುವವರು ಬಂದರೆ, ಯಾವ ದರಕ್ಕೆ, ಯಾವ ವರ್ಷ, ಎಲ್ಲಿ ತೂಕ ಮಾಡಿ ಕೊಳ್ಳುವರೆಂಬುದನ್ನು ಕಾಗದದ ಮೇಲೆ ಬರೆಸಿಕೊಂಡು, ಹಣ ಕೊಡುವ ಮೊದಲು ಆ ಕಾಗದವನ್ನು ಇಲಾಖೆಯವರಿಗೆ ತೋರಿಸತಕ್ಕದ್ದು. ನಾಲ್ಕು ವರ್ಷದ ಮೇಲೆ ಅವರ ಮನೆಯ ಬಾಗಿಲು ಹುಡುಕುವುದು ಕಷ್ಟ.

ಮೇಜಿನ ಮೇಲೆ ಎಡಗಡೆಯ ತಟ್ಟೆಯಲ್ಲಿ ನಿಜವಾದ ಅತಿಮಧುರದ ತುಂಡುಗಳಿವೆ. ಮುರಿದು, ರುಚಿ ನೋಡಬಹುದು. ಬಲಗಡೆಯದು ಗುಲಗಂಜಿಯ ಬೇರು. ಅದನ್ನು ಮುರಿದು ಒಳಗಿನ ಬಣ್ಣವನ್ನು ಮಾತ್ರ ನೋಡಿ, ಬಾಯಿಗೆ ಹಾಕಬೇಡಿ. ಬೀಜಗಳನ್ನು ಸೀಸೆಯಲ್ಲಿಟ್ಟು ಬಿರಡೆ ಬಿಗಿದಿದೆ. ಮಕ್ಕಳನ್ನು ಕರೆತಂದು ತೋರಿಸಿರಿ, ಆದರೆ ಸೀಸೆಯನ್ನು ಅವರ ಕೈಗೆ ಕೊಡಬೇಡಿರಿ. ಸವಳು ಹೊಲದ ಮಣ್ಣನ್ನು ತಂದಿರುವವರು ಚೀಲದ ಮೇಲೆ ಹೆಸರನ್ನೂ ಸರ್ವೆ ನಂಬರನ್ನೂ ಬರೆದು ನಮ್ಮ ಸಹಾಯಕರ ಬಳಿ ಒಪ್ಪಿಸಬೇಕು.