ಹಿತ್ತಿಲ ಕೊಟ್ಟಿಗೆಯ ಹಕ್ಕು

(ಸೊರಬದಲ್ಲಿ ಕಾರ್ಮಿಕರ ಮತ್ತು ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ಶಿಕಾರಿಪುರದ ಅಕ್ಕಿ ಗಿರಣಿಯಲ್ಲಿ ಮೂಟೆ ಹೊರುವವನ ಕೂಲಿಯೊಂದರಿಂದಲೇ ಸಂಸಾರ ಸಾಗುವುದಿಲ್ಲ. ಹಿತ್ತಿಲಲ್ಲಿ ಒಂದು ಎಮ್ಮೆ ಕಟ್ಟಿರುತ್ತಾನೆ. ಅದಕ್ಕೊಂದು ಕೊಟ್ಟಿಗೆ ಬೇಕು. ನಮ್ಮ ಕಡೆಯ ಮಳೆಗೆ ಸೌದೆ ನೆನೆಯದಂತೆ ಒಂದು ಮಾಡು ಬೇಕು, ಹೆಂಗಸರಿಗೆ ಬಚ್ಚಲು ಬೇಕು. ಸಣ್ಣ ವ್ಯಾಪಾರಿಗೆ ಸರಕು ಇಡಲು ಮನೆಗೆ ತಾಗಿಸಿ ನಾಲ್ಕು ತಗಡು ಹೊದಿಸಬೇಕು. ಇವನ್ನೆಲ್ಲ ಸಾಲ ಮಾಡಿ ಕಟ್ಟಿ ಮುಗಿಸಿದ ಮೇಲೆ "ಪರವಾನಗಿ ಎಲ್ಲಿ?" ಎಂಬ ಪ್ರಶ್ನೆ ಬರುತ್ತದೆ. ಪ್ರಶ್ನೆ ಬಂದ ಸಂಜೆಗೇ ದಲ್ಲಾಳಿಯೂ ಬರುತ್ತಾನೆ.

ದಲ್ಲಾಳಿಗೆ ಕೊಡುವ ಮುನ್ನ ಕಾನೂನನ್ನು ಕೇಳಿ. ಹಳ್ಳಿಗಳಿಗೆ 1993ರ ಪಂಚಾಯತ್ ರಾಜ್ ಕಾಯಿದೆಯ 64ನೆಯ ಕಲಮು ಇದೆ. ಹೊಸ ಕಟ್ಟಡಕ್ಕೂ, ಇದ್ದದ್ದಕ್ಕೆ ಸೇರಿಸಿ ಕಟ್ಟುವುದಕ್ಕೂ ಗ್ರಾಮ ಪಂಚಾಯಿತಿಯ ಲಿಖಿತ ಅನುಮತಿ ಬೇಕು. ಅದೇ ಕಲಮಿನಲ್ಲಿ ಮತ್ತೊಂದು ಮಾತಿದೆ. ಅದನ್ನು ಯಾವ ಗುಮಾಸ್ತನೂ ತಾನಾಗಿ ಹೇಳುವುದಿಲ್ಲ. ಅರ್ಜಿ ತಲುಪಿದ 60 ದಿನಗಳೊಳಗೆ ಪಂಚಾಯಿತಿ ತನ್ನ ತೀರ್ಮಾನ ತಿಳಿಸದಿದ್ದರೆ ಅನುಮತಿ ಕೊಟ್ಟಂತೆಯೇ ಲೆಕ್ಕ; ಉಳಿದ ನಿಯಮ ಮೀರದೆ ಕಟ್ಟಬಹುದು. ಆದರೆ ಅರ್ಜಿಗೆ ಮೊಹರು ಬಿದ್ದ ಸ್ವೀಕೃತಿ ನಿಮ್ಮ ಕೈಯಲ್ಲಿರಬೇಕು. ಬಾಯಿಮಾತಿನಲ್ಲಿ ಕೇಳಿದವನಿಗೆ 60 ದಿನವೂ ಇಲ್ಲ, 600 ದಿನವೂ ಇಲ್ಲ. ಪುರಸಭೆಯ ಎಲ್ಲೆಯೊಳಗಿರುವವರಿಗೆ 1964ರ ಪುರಸಭೆಗಳ ಕಾಯಿದೆಯ 187ನೆಯ ಕಲಮು ಅನ್ವಯಿಸುತ್ತದೆ.

ಹೊಲದ ಮಾತು ಬೇರೆ. ಭೂಕಂದಾಯ ಕಾಯಿದೆಯ 95ನೆಯ ಕಲಮಿನಂತೆ ಸಾಗುವಳಿಗೆ ಬೇಕಾದ ಕಟ್ಟಡವನ್ನೂ ಬಾವಿಯನ್ನೂ ರೈತ ತನ್ನ ಜಮೀನಿನಲ್ಲಿ ಭೂಪರಿವರ್ತನೆ ಇಲ್ಲದೆ ಮಾಡಿಕೊಳ್ಳಬಹುದು. ಅಲ್ಲಿ ಅಂಗಡಿ ಇಟ್ಟರೆ, ಬಾಡಿಗೆಗೆ ಗೋದಾಮು ಕಟ್ಟಿದರೆ ಪರಿವರ್ತನೆ ಬೇಕು.

ಹಿತ್ತಿಲನ್ನು ಮನೆಯೊಡನೆ ಲೆಕ್ಕಕ್ಕೆ ಹಿಡಿಯುವುದು ಹೊಸ ಬೇಡಿಕೆಯೇನಲ್ಲ. 1951ರಲ್ಲಿ ಪಕ್ಕದ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಎದ್ದು ನಿಂತರು, ಡಾ. ಲೋಹಿಯಾ ಬಂದು ಬಂಧನಕ್ಕೊಳಗಾದರು. ಆ ಬಗೆಯ ಹೋರಾಟಗಳ ಒತ್ತಡದಿಂದ ಬಂದ 1974ರ ಭೂಸುಧಾರಣಾ ತಿದ್ದುಪಡಿಯ 38ನೆಯ ಕಲಮು, ಪರರ ಜಮೀನಿನಲ್ಲಿ ವಾಸವಿದ್ದ ಕೃಷಿ ಕೂಲಿಗಾರನಿಗೆ ಅವನ ಮನೆಯನ್ನು ಕೊಟ್ಟಿತು. ಬರೀ ಗೋಡೆಗಳನ್ನಲ್ಲ, ಮನೆಗೆ ತಗುಲಿಕೊಂಡು, ಅದರ ಅನುಭೋಗಕ್ಕೆ ಬೇಕಾದ ನೆಲವನ್ನೂ ಸೇರಿಸಿ ಕೊಟ್ಟಿತು. ಆ ಕಲಮು ಬರೆದವರಿಗೆ ಬಡವನ ಹಿತ್ತಿಲು ಕಂಡಿತ್ತು. ಇಂದಿನ ನಕ್ಷೆ ಬರೆಯುವವರಿಗೆ ಏಕೆ ಕಾಣಬಾರದು?

ಸರ್ಕಾರಿ ನೆಲದಲ್ಲಿ ಮನೆ ಕಟ್ಟಿಕೊಂಡು ಹಳ್ಳಿಯಲ್ಲಿ 94ಸಿ, ಪಟ್ಟಣದಲ್ಲಿ 94ಸಿಸಿ ಕೆಳಗೆ ಅರ್ಜಿ ಹಾಕಿದವರು ಅಳತೆಯ ದಿನ ಮನೆಯಲ್ಲೇ ಇರಿ. ಕೊಟ್ಟಿಗೆ, ಬಚ್ಚಲು ಎಲ್ಲವನ್ನೂ ತೋರಿಸಿ. ನಕ್ಷೆಯಲ್ಲಿ ಗೆರೆ ಬಿದ್ದಿದೆಯೇ ನೋಡಿ. ಅರಣ್ಯದ ನೆಲಕ್ಕೆ ಈ ಕಲಮುಗಳು ನಡೆಯುವುದಿಲ್ಲ; ನಡೆಯುತ್ತದೆಂದು ಹಣ ಕೇಳುವವನನ್ನು ನಂಬಬೇಡಿ.

ನಾವು ನಿಯಮವೇ ಬೇಡವೆನ್ನುವವರಲ್ಲ. ಚರಂಡಿಯ ಮೇಲೆ ತಗಡು ಚಾಚಿದರೆ ಕೆಳಮನೆಯ ಬಡವನ ಅಡಿಗೆಮನೆಗೆ ನೀರು ನುಗ್ಗುತ್ತದೆ. ಗಂಜಲ ನೆರೆಮನೆಯ ಬಾವಿಗೆ ಇಳಿಯಬಾರದು. ಅಂಥದ್ದನ್ನು ಪಕ್ಷದವನೇ ಕಟ್ಟಿದ್ದರೂ ನಾನು ಸಮರ್ಥಿಸುವುದಿಲ್ಲ. ಆದರೆ ಎರಡು ಎಮ್ಮೆಯ ಕೊಟ್ಟಿಗೆಗೂ ಮೂರು ಅಂತಸ್ತಿನ ಮಹಲಿಗೂ ಒಂದೇ ಅಳತೆಗೋಲು ಹಿಡಿಯುವುದು ನ್ಯಾಯವಲ್ಲ. ಸಣ್ಣ ಮಾಡಿಗೆ ಒಂದು ಹಾಳೆಯ ಅರ್ಜಿ, ಕೈಯಲ್ಲಿ ಬರೆದ ನಕ್ಷೆ, ಗೋಡೆಗೆ ಅಂಟಿಸಿದ ಶುಲ್ಕದ ಪಟ್ಟಿ, ಇಷ್ಟನ್ನು ಪ್ರತಿ ಪಂಚಾಯಿತಿಯೂ ಮಾಡಲಿ ಎಂದು ಗ್ರಾಮಸಭೆಯಲ್ಲಿ ಎದ್ದು ಕೇಳಿ, ನಡಾವಳಿ ಪುಸ್ತಕದಲ್ಲಿ ಬರೆಸಿ.

ಅರ್ಜಿ ಬರೆಯಲು ಬಾರದವರು ಪಕ್ಷದ ಕಚೇರಿಗೆ ಬನ್ನಿ. ಮನೆಯ ಉದ್ದ ಅಗಲವನ್ನು ಹಗ್ಗದಲ್ಲಿ ಅಳೆದು ತಂದರೂ ಸಾಕು. ಗೆರೆ ಎಳೆಯುವುದು ಮೇಷ್ಟರಾಗಿದ್ದವನಿಗೆ ಕಷ್ಟದ ಕೆಲಸವಲ್ಲ. ಎರಡು ಪ್ರತಿ ಮಾಡಿ, ಒಂದಕ್ಕೆ ಮೊಹರು ಹಾಕಿಸಿಕೊಂಡು ಬರೋಣ.